ಗೆದ್ದ ಗೂಟ

ಸೌತ್ ಡಕೋಟ
ಜೂನ್ ೨೯

ಅವ್ವ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಭಾನುವಾರ ಬರುತ್ತೇವೆ ಎಂದು ಹೇಳಿ ವಾರವೇ ಕಳೆದುಹೋಯಿತು. ನೀನು ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ರಸ್ತೆಯ ದೂಳು ನೋಡುತ್ತ ಕೂತಿದ್ದೆಯಂತೆ, ಆರಿದ ಸಾರನ್ನು ಮತ್ತೆ ಮತ್ತೆ ಬಿಸಿ ಮಾಡಿದೆಯಂತೆ. ತಂಗಿ ಹೇಳಿದಳು. ತಪ್ಪಾಯಿತು. ಫೋನು ಮಾಡಬಹುದಿತ್ತು, ಆದರೆ ನನ್ನ ಗಂಟಲು ಕೇಳಿದೊಡನೆ ನೀನು ಆ ಮಂಡಿ ಎಳೆದುಕೊಂಡೇ ಬಸ್ಸು ಹತ್ತಿ ಬಂದುಬಿಡುತ್ತೀಯ ಎಂದು ಹೆದರಿ ಕಾಗದ ಬರೆಯುತ್ತಿದ್ದೇನೆ.

ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ರೇನಾ ಈ ಬೇಸಿಗೆಗೆ ಬರುವುದಿಲ್ಲ. ಮೊಮ್ಮಗಳಿಗೆ ನಮ್ಮ ಬುಡಕಟ್ಟಿನ ಹೆಸರನ್ನೂ ಇಡುತ್ತೇನೆ ಎಂದು ನೀನು ಕರೆದವರಿಗೆಲ್ಲ ಬೇಡವೆಂದು ಹೇಳಿಕಳಿಸು. ಅವಳಿಗಾಗಿ ಚಳಿಗಾಲವೆಲ್ಲ ಹೊಲಿದ ನಕ್ಷತ್ರದ ಕೌದಿಯನ್ನು ಮಡಿಸಿಡು. ನಿನ್ನ ಅವ್ವನ ಹೆಸರು ಇನ್ನಷ್ಟು ದಿನ ಕಾಯಲಿ. ಸತ್ತವರ ಹೆಸರಿಗೆ ಹಸಿವಾಗುವುದಿಲ್ಲ.

ಕರ್ಟ್ ಮತ್ತು ನಾನು ಒಂದು ಮಾತಿಗೆ ಬಂದಿದ್ದೆವು. ಮೊದಲು ಅವನ ಮನೆಯವರ ಕ್ಯಾಂಪು, ಅಲ್ಲಿಂದ ನೇರವಾಗಿ ನಾನೂ ಮಗಳೂ ನಿನ್ನ ಮನೆಗೆ. ಆದರೆ ಹೋಗುವುದೋ ಬಿಡುವುದೋ ಕೊನೆಗೆ ಅವಳೇ ಹೇಳಲಿ ಅಂದ. ಗಂಡಸು ತನ್ನ ಬಾಯಿಂದ ಬೇಡ ಅನ್ನಲಾರದೆ ಒಂಬತ್ತು ವರ್ಷದ ಹುಡುಗಿಯ ಬಾಯಿಗೆ ಅದನ್ನು ಹಾಕಿದ. ನಾನು ಒಪ್ಪಿದೆ, ಯಾಕೆಂದರೆ ಅವಳು ಕುಣಿಯುತ್ತಿದ್ದಳು. ಹೋದ ವರ್ಷ ನೀನು ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಗಟ್ಟಿ ಮಾಡಿಕೊಟ್ಟೆಯಲ್ಲ, ಗೆಡ್ಡೆ ಅಗೆಯುವ ಕೋಲು, ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕಾರಿನಲ್ಲಿ ಕೂತಿದ್ದಳು. ನೀನು ಕಲಿಸಿದ್ದನ್ನೆಲ್ಲ ದಾರಿಯುದ್ದ ಒಪ್ಪಿಸಿದಳು. ಒಂದು ಗಿಡ ಕೈಚಾಚಿದ ಕಡೆ ಇನ್ನೊಂದು ಗಿಡ ಇರುತ್ತದೆ. ಗೆಡ್ಡೆ ಕಿತ್ತ ಗುಂಡಿಗೆ ಬೀಜ ಹಾಕಿ ಮುಚ್ಚಬೇಕು. ಒಣಹಾಕಿದ ಮಾಂಸದ ಹತ್ತಿರ ನಾಯಿ ಬಂದರೆ ಹೀಗೆ ಕೂಗಿ ಅಟ್ಟಬೇಕು. ಆ ಅಟ್ಟುವ ಮಾತನ್ನು ನಿನ್ನದೇ ದನಿಯಲ್ಲಿ ಕಿಟಕಿಯಾಚೆಗೆ ಕೂಗಿ, ಬಯಲಲ್ಲಿ ಮೇಯುವ ಅಂಗಸ್ ತಳಿಯ ದನಗಳನ್ನೆಲ್ಲ ಅಟ್ಟಿದಳು. ನಮ್ಮ ಭಾಷೆಯಲ್ಲಿ ಅವಳಿಗೆ ತೊಡರದೆ ಬರುವುದು ಅದೊಂದೇ ಮಾತು. ನಾನು ನಕ್ಕು ನಕ್ಕು ಕಾರನ್ನು ರಸ್ತೆಯಂಚಿಗೆ ಬಿಟ್ಟಿದ್ದೆ.

ಕ್ಯಾಂಪು ಇದ್ದದ್ದು ಅವರ ಮುತ್ತಜ್ಜ ಬಂದು ಗೂಟ ಹೊಡೆದ ಜಾಗದಲ್ಲಿ. ಹುಲ್ಲುಬೇರು ತುಂಬಿದ ಮಣ್ಣನ್ನು ಹೆಂಟೆ ಹೆಂಟೆಯಾಗಿ ಕೊಯ್ದು ಕಟ್ಟಿದ ಅವನ ಮನೆಯನ್ನು ಈಗ ಟಿಕೆಟ್ ಇಟ್ಟು ತೋರಿಸುತ್ತಾರೆ, ಸುತ್ತ ಗುಡಾರ ಹಾಕಲು ಬಿಡುತ್ತಾರೆ. ಹಿರಿಯರ ಕಷ್ಟ ಅನುಭವಿಸಲು ಬಂದವರು ಐಸ್ ಪೆಟ್ಟಿಗೆ, ಗಾಳಿ ತುಂಬುವ ಹಾಸಿಗೆ, ಸೊಳ್ಳೆ ಕೊಲ್ಲುವ ದೀಪ ಎಲ್ಲ ತಂದಿದ್ದರು. ಅತ್ತೆ ಮಾರ್ಲಿಸ್ ತಲೆಗೆ ಹಳೇ ಕಾಲದ ಹೂಬಟ್ಟೆಯ ಬಾನೆಟ್ಟು ಟೋಪಿ ಕಟ್ಟಿಕೊಂಡಿದ್ದಳು. ಒಣ ಸಗಣಿ ಎಸೆಯುವ ಪಂದ್ಯಕ್ಕೆ ಮಾತ್ರ ರಬ್ಬರ್ ಗವಸು. ನಾನು ಬರಿಗೈಯಲ್ಲಿ ಎತ್ತಿ ಎಲ್ಲರಿಗಿಂತ ದೂರ ಎಸೆದೆ. ಅವಳಿಗೇನು, ಅಭ್ಯಾಸ ಇದೆ ಅಂದಳು ಅತ್ತೆ. ಎಲ್ಲರೂ ನಕ್ಕರು. ಕರ್ಟ್ ಕೂಡ.

ಮಾವ ವರ್ಲಿನ್ ಪ್ರತಿ ಸಂಜೆ ಒಲೆಯ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಒಂದೇ ಕಥೆ ಹೇಳುತ್ತಾನೆ. "ನಮ್ಮಜ್ಜ ಬಂದಾಗ ಇಲ್ಲಿ ಏನೂ ಇರ್ಲಿಲ್ಲ ಕಣ್ರೋ. ಹುಲ್ಲು, ಗಾಳಿ. ಅಷ್ಟೆ. ಏನೂ ಇರ್ಲಿಲ್ಲ." ಆ ಏನೂ ಇಲ್ಲದ್ದರಲ್ಲಿ ನಿನ್ನ ಅಜ್ಜಿ ಇದ್ದಳು ಅವ್ವ. ಅವಳ ಗುಡಾರವಿತ್ತು, ಅವಳು ಹೂತ ಮಕ್ಕಳಿದ್ದವು. ಗೂಟ ಹೊಡೆದವನಿಗೆ ಸರ್ಕಾರದಿಂದ ನೂರ ಅರವತ್ತು ಎಕರೆ ಪುಕ್ಕಟೆ, ಅದು ನಮ್ಮವರಿಂದ ಕಿತ್ತುಕೊಂಡದ್ದು ಎಂದು ಯಾವ ಬೋರ್ಡಿನಲ್ಲೂ ಬರೆದಿಲ್ಲ. ನಾನು ಬಾಯಿ ಬಿಡಲಿಲ್ಲ. ಮಾವನ ಮುಖಕ್ಕೆ ಮುಖ ಕೊಟ್ಟು ಮಾತಾಡಬಾರದು ಎಂದು ನೀನು ಬೆಳೆಸಿದ್ದೀಯ. ಹತ್ತು ವರ್ಷದಿಂದ ನಾನು ಆ ಮನುಷ್ಯನಿಗೆ ಕೊಡುತ್ತಿರುವ ಮರ್ಯಾದೆಯನ್ನು ಅವರ ಮನೆಯಲ್ಲಿ ಸೊಕ್ಕು ಅನ್ನುತ್ತಾರೆ. ನಾನು ಯಾಕೆ ಮಾತಾಡುವುದಿಲ್ಲ ಎಂದು ಕರ್ಟನಿಗೆ ಗೊತ್ತು. ಅವನು ಒಮ್ಮೆಯೂ ತಿಳಿಸಿ ಹೇಳಿಲ್ಲ.

ಎರಡನೆಯ ದಿನ ರೇನಾ ಬೆಳಿಗ್ಗೆಯೇ ಹೋಗಿ ಲಂಗದ ತುಂಬ ಗೆಡ್ಡೆ ಅಗೆದು ತಂದಳು. ಸಿಪ್ಪೆ ಸುಲಿದು ಅಣ್ಣತಮ್ಮಂದಿರಿಗೆಲ್ಲ ಹಂಚಲು ಹೋದಳು. ನಾದಿನಿಯ ಮಗ ಬ್ರೆಡಿ ಮೂಸಿ ನೋಡಿ ಉಗಿದ. ಆ ಹೊತ್ತಿನಿಂದ ಅವಳ ಹೆಸರು "ಬೇರು ತಿನ್ನೋಳು" ಎಂದಾಯಿತು. ಅತ್ತೆ ಗದರಿಸಿದ್ದು ಅವನನ್ನಲ್ಲ. "ಬಿಸಾಕೇ ಪುಟ್ಟಿ, ಮಣ್ಣು ಅದು. ಹಾಟ್ ಡಾಗ್ ಸುಟ್ಟಿದೀನಿ, ಬಾ." ಮಧ್ಯಾಹ್ನ ನೋಡಿದರೆ ಗೆಡ್ಡೆಗಳೆಲ್ಲ ನನ್ನ ಚೀಲದ ತಳದಲ್ಲಿದ್ದವು, ಟವೆಲಿನಡಿ. ಕದ್ದ ಮಾಲನ್ನು ಬಚ್ಚಿಟ್ಟ ಹಾಗೆ. ಅಂದೇ ಮಾವ ಅವಳಿಗೊಂದು ಕರು ಕೊಡುತ್ತೇನೆಂದ. ಬೇಸಿಗೆಯೆಲ್ಲ ಇಲ್ಲೇ ಇದ್ದು ಸಾಕಿದರೆ ಅವಳದೇ. ಆಗಲೇ ನನಗೆ ತಿಳಿಯಬೇಕಿತ್ತು.

ಕೊನೆಯ ದಿನ ನೆಲ ಹಿಡಿಯುವ ಓಟ. ಪ್ರತಿ ವರ್ಷದ ಆಟ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಮಾವ ಬಂದೂಕು ಹಾರಿಸುತ್ತಾನೆ, ಓಡಿಹೋಗಿ ದಿಬ್ಬದ ಮೇಲಿನ ಒಳ್ಳೆಯ ನೆಲದಲ್ಲಿ ಮೊದಲು ಗೂಟ ನೆಟ್ಟವರು ಗೆದ್ದರು. ಈ ವರ್ಷ ಅದಕ್ಕೆ ಹೊಸದೊಂದು ಸೇರಿಸಿದರು. ನೆಲದ ಮೇಲೆ ನಮ್ಮವರ ವೇಷದ ‘ರೆಡ್ ಇಂಡಿಯನ್’ ಒಬ್ಬ ಕೂತಿರಬೇಕು, ಅವನನ್ನು ಎಬ್ಬಿಸಿ ಕಳಿಸಿದರೆ ಮಾತ್ರ ಗೂಟ ಲೆಕ್ಕಕ್ಕೆ. ಮುಖಕ್ಕೆ ಬಣ್ಣ ಯಾರಿಗೆ ಬಳಿಯುವುದು ಎಂದು ಹುಡುಗರು ಕಚ್ಚಾಡುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿದಳು.

"ಡೆಲ್ಫೀನ್, ನೀನೇ ಹೋಗಿ ಕೂತ್ಕೊಳಮ್ಮ. ನಿನಗಾದ್ರೆ ವೇಷದ ಖರ್ಚೂ ಇಲ್ಲ."

ನಾನು ಗಂಡನ ಮುಖ ನೋಡಿದೆ. "ಆಟ ಕಣೆ. ಎಲ್ಲದಕ್ಕೂ ಮುಖ ಊದಿಸ್ಕೋಬೇಡ" ಅಂದ. ಆದರೂ ನಾನು ಏಳುತ್ತಿರಲಿಲ್ಲ. ರೇನಾ ಬಂದು ಕೈ ಹಿಡಿದಳು. ಎಲ್ಲರೂ ನೋಡುತ್ತಿದ್ದಾರೆ, ಪ್ಲೀಸ್ ಅಮ್ಮ ಅಂದಳು. ನಾನು ಹೋಗಿ ದಿಬ್ಬದ ಮೇಲೆ, ಹುಲ್ಲಿನಲ್ಲಿ ಕೂತೆ.

ಅವ್ವ, ನಿನ್ನ ಮೊಮ್ಮಗಳು ಜಿಂಕೆಯ ಹಾಗೆ ಓಡಿದಳು. ಬ್ರೆಡಿಯನ್ನೂ ಅವನ ದೊಡ್ಡ ಬೂಟನ್ನೂ ಹಿಂದೆ ಹಾಕಿ ಬಂದಳು. ಅವಳ ಕೈಯಲ್ಲಿ ಅವರು ಕೊಟ್ಟ ಬಣ್ಣದ ಗೂಟ ಇರಲಿಲ್ಲ. ನಿನ್ನ ಕೋಲಿತ್ತು. ನನ್ನ ಮೊಣಕಾಲಿನ ಪಕ್ಕದಲ್ಲೇ ಅದನ್ನು ನೆಟ್ಟು, ಕಲ್ಲಿನಿಂದ ತಲೆಗೆ ಹೊಡೆದು ಹೊಡೆದು ಇಳಿಸಿದಳು. ಉಳಿದವರೆಲ್ಲ ಬಂದು ಸುತ್ತ ನಿಂತರು. ಮಾವ ಟೋಪಿ ಸರಿಮಾಡಿಕೊಂಡು, ಈ ನೆಲ ನನ್ನದು ಅನ್ನುವವರು ಬೇರೆ ಯಾರಾದರೂ ಇದ್ದೀರಾ ಎಂದು ನನ್ನನ್ನೇ ನೋಡಿ ಕೇಳಿದ. ನನ್ನದು ಎಂದು ನಾನೊಂದು ಮಾತು ಅಂದಿದ್ದರೆ ಮಗಳು ಸೋಲುತ್ತಿದ್ದಳು, ಮಾವನೆದುರು ನನ್ನ ಬಾಯಿ ಮೊದಲ ಸಲ ತೆರೆಯುತ್ತಿತ್ತು. ನಾನು ಹುಲ್ಲು ನೋಡುತ್ತ ಕೂತೆ. ನಮ್ಮವರು ಹೀಗೇ ಸುಮ್ಮನಿದ್ದರು ಎಂದು ಅವರ ಪುಸ್ತಕಗಳಲ್ಲಿ ಬರೆದಿದೆಯಲ್ಲ, ಇನ್ನೊಂದು ಸಾಲು ಸೇರಿತು.

"ಎಬ್ಬಿಸು ಮತ್ತೆ. ಇಲ್ಲದಿದ್ರೆ ಗೆದ್ದ ಹಾಗಲ್ಲ" ಅಂದಳು ಅತ್ತೆ. ಬ್ರೆಡಿ, ಬೇರು ತಿನ್ನೋಳಿಗೆ ಧೈರ್ಯ ಇಲ್ಲ ಅಂದ. ರೇನಾ ನನ್ನನ್ನು ನೋಡಿದಳು. ಏನೋ ಕೂಗಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎದ್ದು, ಲಂಗಕ್ಕೆ ಹತ್ತಿದ ಹುಲ್ಲು ಕೊಡವಿಕೊಂಡು ಇಳಿದು ಬಂದೆ. ಹಿಂದಿನಿಂದ ಚಪ್ಪಾಳೆ.

ನಿನ್ನ ಕೋಲು ಈಗ ಆ ಮಣ್ಣಿನ ಮನೆಯ ಗೋಡೆಯ ಮೇಲಿದೆ. ಗೆದ್ದ ಗೂಟ ಅಲ್ಲೇ ಉಳಿಯಬೇಕಂತೆ, ಅದು ಅಲ್ಲಿಯ ಪದ್ಧತಿ. ಅದು ಗೂಟ ಅಲ್ಲ, ನಮ್ಮವ್ವ ಮಾಡಿದ್ದು, ಕೊಡಿ ಎಂದು ಟಿಕೆಟ್ ಕೊಡುವವನ ಹತ್ತಿರ ಕೇಳಿದೆ. ಅವನೇನು ಕೆಟ್ಟವನಲ್ಲ, ಪದ್ಧತಿ ಮೇಡಂ ಎಂದು ಮೆತ್ತಗೆ ಅಂದ. ಕೆಳಗೆ ಅವರ ಮನೆತನದ ಹೆಸರು ಬರೆದು ಅಂಟಿಸಿದ್ದಾರೆ.

ಆ ಸಂಜೆಯೇ, ಎಲ್ಲರ ನಡುವೆ, ಕರ್ಟ್ ಮಗಳನ್ನು ಕೇಳಿದ: ಅಮ್ಮನ ಜೊತೆ ಅಜ್ಜಿ ಮನೆಗೆ ಹೋಗ್ತೀಯಾ, ಇಲ್ಲಿರ್ತೀಯಾ? ಅವಳು ಕಡ್ಡಿಗೆ ಚುಚ್ಚಿದ ಮಿಠಾಯಿಯನ್ನು ಬೆಂಕಿಯಲ್ಲಿ ಸುಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಇಲ್ಲಿರ್ತೀನಿ. ಅಲ್ಲಿ ಏನೂ ಇಲ್ಲ."

ಮಾವ ಅವಳ ತಲೆ ಸವರಿದ. ತನ್ನ ಕಥೆ ಇಷ್ಟು ಚೆನ್ನಾಗಿ ಯಾರೂ ಕಲಿತಿರಲಿಲ್ಲ ಎಂದು ಅವನಿಗೂ ಅನ್ನಿಸಿರಬೇಕು.

ಹುಡುಗಿಯನ್ನು ಬೈಯಬೇಡ ಅವ್ವ. ಅವಳು ಗೆಲ್ಲುವವರ ಕಡೆ ಹೋದಳು, ಅಷ್ಟೆ. ಮಕ್ಕಳಿಗೆ ಗಾಳಿಯ ದಿಕ್ಕು ಬೇಗ ತಿಳಿಯುತ್ತದೆ. ಗಾಳಿ ತಿರುಗಿಸುವವರೆಗೆ ನಾನು ಸುಮ್ಮನಿರುವವಳಲ್ಲ. ಕರ್ಟನಿಗೂ ಇದನ್ನೇ ಹೇಳಿ ಬಂದು, ನಾನೀಗ ಪಟ್ಟಣದಲ್ಲಿ ಗೆಳತಿಯ ಮನೆಯಲ್ಲಿದ್ದೇನೆ. ಬರುವ ಶನಿವಾರ ನಿನ್ನ ಹತ್ತಿರ ಬರುತ್ತೇನೆ, ಒಬ್ಬಳೇ. ಗೆಡ್ಡೆಗಳನ್ನು ಬಾಲದ ಬೇರು ಸೇರಿಸಿ ಜಡೆ ಹೆಣೆದು ಒಣಹಾಕಿದ್ದೇನೆ, ತರುತ್ತೇನೆ. ನಿನ್ನ ಮಂಡಿಗೆ ಬಲ ಬರಲಿ, ನಿನ್ನ ಮಾತು ನನ್ನ ಬೆನ್ನಿಗಿರಲಿ.

ನಿನ್ನ ಮಗಳು,
ಡೆಲ್ಫೀನ್

ತಾ.ಕ.: ರೇನಾ ಏನು ಕೂಗಿದಳು ಎಂದು ಮೇಲೆ ಬರೆಯಲಾಗಲಿಲ್ಲ. ಅವಳು ಕೂಗಿದ್ದು ಇಂಗ್ಲಿಷಿನಲ್ಲಲ್ಲ. ಅವರಿಗೆ ಅದು ಯಾವುದೋ ಕಾಡುಕೂಗು ಅನ್ನಿಸಿ ನಗು ಬಂತು. ಅಲ್ಲಿ ಅರ್ಥವಾದದ್ದು ನನಗೊಬ್ಬಳಿಗೇ. ಮಾಂಸದ ಹತ್ತಿರ ಬಂದ ನಾಯಿಯನ್ನು ಅಟ್ಟಲು ನೀನು ಕಲಿಸಿದ ಮಾತು, ನಿನ್ನದೇ ದನಿಯಲ್ಲಿ. ಅದನ್ನು ಕೇಳಿಯೇ ನಾನು ಎದ್ದದ್ದು. ಶನಿವಾರ ನಾನು ಬಂದಾಗ ನಾಯಿಗಳನ್ನು ಅಟ್ಟಬೇಡ ಅವ್ವ. ಮಾಂಸ ತಿಂದರೆ ತಿನ್ನಲಿ.