ಅಜ್ಜನ ಟೈರುಗಳು ಬೇಡ, ವಿಗ್ಗಾ

ವಿಗ್ಗಾ,

ನಾನು ಈಜಲು ಹೋಗಿದ್ದೇನೆ. ನೆಲಮಾಳಿಗೆಯ ಟೈರುಗಳನ್ನು ಹೊತ್ತುಕೊಂಡು ಓಡಬೇಡ, ಮೊದಲು ಇದನ್ನು ಓದು.

ನೀನು ಏಳುವ ಮೊದಲೇ ಗ್ಯಾರೇಜಿನ ಪ್ರೆಬೆನ್ ಫೋನ್ ಮಾಡಿದ್ದ. ನಿನ್ನೆ ನಿನ್ನ ಸಂಭ್ರಮ ನೋಡಿ ಅವನಿಗೆ ಹೇಳಲು ಬಾಯಿ ಬರಲಿಲ್ಲವಂತೆ. "ಒಂದ್ ದಿನಾನೂ ಓಡಿಲ್ಲ, ನಿಜ. ಆದ್ರೆ ರಬ್ಬರ್ ಗಟ್ಟಿಯಾಗ್ಬಿಟ್ಟಿದೆ ಅಮ್ಮಾ. ನಾರ್ವೆ ಮಳೇಲಿ ಸೋಪಿನ ಮೇಲೆ ಹೋದ ಹಾಗೆ ಜಾರುತ್ತೆ" ಎಂದ. ಟೈರಿನ ಪಕ್ಕದಲ್ಲಿ ಒತ್ತಿರುವ ಅಂಕಿ ನೋಡು: 2314. ಎಂದರೆ ತಯಾರಾದದ್ದು 2014ರ ಇಪ್ಪತ್ತಮೂರನೆಯ ವಾರ. ಬೈಕಿನಲ್ಲಿ ನಾರ್ವೆಯ ಉತ್ತರ ತುದಿಯ ನಾರ್ಡ್‌ಕಾಪ್‌ಗೆ ಹೋಗಲೆಂದು ಅಜ್ಜ ಇವನ್ನು ಕೊಂಡು, ಹೊರಡುವ ಮೊದಲೇ ಹಾಸಿಗೆ ಹಿಡಿದ ಬೇಸಿಗೆ ಅದು. ನಾನು ವರ್ಷವರ್ಷವೂ ಒರೆಸಿಟ್ಟೆ. ಒರೆಸಿದರೆ ರಬ್ಬರು ಮೆತ್ತಗಿರುತ್ತದೆಯೇ?

"ಅಜ್ಜನ ಟೈರಲ್ಲೇ ಹೋಗ್ತೀನಿ" ಎಂದು ಮತ್ತೆ ಹಟ ಹಿಡಿಯಬೇಡ. ಬೈಕು ಅವರದು, ದಾರಿಯೂ ಅವರದು. ಅಷ್ಟು ಸಾಕು.

ಪ್ರೆಬೆನ್ ಮಳೆಗೂ ಜಲ್ಲಿ ರಸ್ತೆಗೂ ಆಗುವ ಹೊಸ ಜೋಡಿ ಎತ್ತಿಟ್ಟಿದ್ದಾನೆ. ಹೆಚ್ಚು ಬಾಳುತ್ತದೆಂದು ಗಡುಸಾದದ್ದನ್ನು ಕೇಳಬೇಡ. ಆ ಚಳಿಯಲ್ಲಿ ಬೇಗ ಬಿಸಿಯಾಗಿ ರಸ್ತೆ ಹಿಡಿಯುವುದೇ ಬೇಕು. ಇವತ್ತು ಶನಿವಾರವಾದರೂ ಅಂಗಡಿ ಮುಚ್ಚಿದ ಮೇಲೆ ನಿನಗಾಗಿ ಕಾಯುತ್ತಾನಂತೆ. ಬ್ರೆಡ್ಡು, ಚೀಸು ಮೇಜಿನ ಮೇಲಿದೆ. ತಿಂದು ಹೋಗು, ಅವನಿಗೂ ಒಯ್ಯಿ.

ಹಿಂದಿನ ಚಕ್ರಕ್ಕೆ ಇಬ್ಬರ ಭಾರಕ್ಕಾಗುವಷ್ಟು ಗಾಳಿ ಹಾಕಿಸು. ಹಿರ್ಟ್ಸ್‌ಹಾಲ್ಸ್ ಬಂದರಿನಲ್ಲಿ ನೀನು ನಾರ್ವೆಯ ಹಡಗು ಹತ್ತುವವರೆಗೆ ನಾನೂ ಹಿಂದೆ ಕೂತು ಬರುತ್ತೇನೆ, ವಾಪಸಿಗೆ ರೈಲಿದೆ. ನನ್ನ ಹೆಲ್ಮೆಟ್ಟೂ ಆ ವರ್ಷದ್ದೇ. ಪ್ರೆಬೆನ್ ಹತ್ತಿರ ಹೊಸದಕ್ಕೆ ಹೇಳಿದ್ದೇನೆ, ಬರುವಾಗ ತಂದುಬಿಡು. ಕೆಂಪು ಬಣ್ಣದ್ದು.

ಅಜ್ಜಿ