ಮೊಟ್ಟೆ ಮುಟ್ಟದವರ ಹೆಸರು

ರೀ,

ಸಂಜೆ ಆರೂವರೆ. ಮಧ್ಯಾಹ್ನ ನಿಮ್ಮ ಪ್ರೊಫೆಸರು ಮನೆಗೆ ಬಂದಿದ್ದರು. ಹಾಲಿತ್ತು, ಡಿಕಾಕ್ಷನ್ನೂ ಇತ್ತು. ಕಾಫಿ ಕೊಡಲಿಲ್ಲ. ನಮ್ಮ ಮನೆಯಲ್ಲಿ ಕಾಫಿ ಕುಡಿಯದೆ ಎದ್ದುಹೋದವರು ಅವರೊಬ್ಬರೇ ಇರಬೇಕು.

ಅರೆಕೆರೆಯ ಕೋಳಿ ಫಾರಂನಿಂದ ನೀವು ಮೊಟ್ಟೆ ತರುತ್ತಿದ್ದದ್ದು ನೆನಪಿದೆಯೇ? ಒಳಗಿನ ಮರಿ ಅಲುಗಬಾರದೆಂದು ಬನ್ನೇರುಘಟ್ಟ ರಸ್ತೆಯಲ್ಲಿ ಗುಂಡಿ ಬಂದಲ್ಲೆಲ್ಲ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಬರುತ್ತಿದ್ದಿರಿ. ಆ ಮೊಟ್ಟೆಗಳಿಗೆ ಸೂಜಿ ಚುಚ್ಚಿ, ಕೋಳಿ ರೋಗದ ವೈರಸ್ ಬೆಳೆಸಿ ನೋಡುವುದು ನಿಮ್ಮ ಕೆಲಸ. ಮನೆಗೆ ಬಂದರೆ ನಿಮ್ಮಮ್ಮ ಹಿತ್ತಲಲ್ಲೇ ತಡೆದು, "ಮೊದಲು ತಲೆಮೇಲೆ ನೀರು ಹಾಕ್ಕೋ, ಆಮೇಲೆ ಸೈಂಟಿಸ್ಟು" ಅನ್ನುತ್ತಿದ್ದರು. ನೀವು ನಡುಗುತ್ತಲೇ ನಗುತ್ತಿದ್ದಿರಿ. ಪ್ರೊಫೆಸರು ಮಾತ್ರ ಲ್ಯಾಬಿನ ಬಾಗಿಲಲ್ಲಿ ಮೂಗಿಗೆ ಕರ್ಚೀಫು ಹಿಡಿದು, "ಏನಾಯ್ತಪ್ಪಾ?" ಎಂದು ಕೇಳಿ ಹೋಗುತ್ತಿದ್ದರಂತೆ. ಮಡಿವಂತರು. ಒಂದು ಮೊಟ್ಟೆಯನ್ನೂ ಮುಟ್ಟಿದವರಲ್ಲ.

ಆ ಕೆಲಸದ ಬಗೆಗಿನ ಲೇಖನ ಅಚ್ಚಾಗಿ ಬಂದ ದಿನ ನೀವು ನನ್ನನ್ನು ಅಡುಗೆಮನೆಯಿಂದ ಕರೆದು ತೋರಿಸಿದಿರಿ. ಮೊದಲ ಹೆಸರು ಅವರದು. ಎರಡನೆಯದು, ಲ್ಯಾಬಿನ ಮೆಟ್ಟಿಲನ್ನೇ ಹತ್ತದ ಅವರ ಅಳಿಯನದು. ಕೊನೆಯಲ್ಲಿ ನೀವು. "ಇರ್ಲಿ ಬಿಡೇ, ವೈರಸ್ಸಿಗೆ ಗೊತ್ತು" ಅಂದಿರಿ. ವೈರಸ್ಸಿಗೆ ಗೊತ್ತಿದ್ದು ಏನು ಬಂತು? ಯಾವ ದೇಶದವರು ಆ ಕೆಲಸವನ್ನು ಉಲ್ಲೇಖಿಸಿದರೂ ಪ್ರೊಫೆಸರ ಹೆಸರು ಬರೆದು, ಪಕ್ಕದಲ್ಲಿ 'ಮತ್ತು ಇತರರು' ಎಂದು ಸೇರಿಸುತ್ತಿದ್ದರು. ಅಷ್ಟು ವರ್ಷ ಹಿತ್ತಲಲ್ಲಿ ತಣ್ಣೀರು ಹೊಯ್ದುಕೊಂಡ ನೀವು, ಇತರರು...

ಒಂದು ಕಡೆ ಅವರೇ ಎಡವಿದರು. ಲೇಖನದ ಪ್ರತಿ ಕಳಿಸಿ ಎಂದು ಪರದೇಶದ ಲ್ಯಾಬುಗಳಿಂದ ಕಾರ್ಡು ಬರುತ್ತವಲ್ಲ, ಆ ರಗಳೆ ತಮಗೆ ಬೇಡವೆಂದು ಲೇಖನದ ಕೆಳಗೆ ಜಯನಗರದ ನಮ್ಮ ಮನೆಯ ವಿಳಾಸ ಹಾಕಿಸಿದ್ದರು. ಪ್ರತಿಗಳ ಕಟ್ಟೂ ಇಲ್ಲೇ ಉಳಿಯಿತು. ನೀವು ಹೋದ ಮೇಲೂ ನಿಮ್ಮ ಹೆಸರಿಗೆ ಕಾರ್ಡು ಬರುತ್ತಲೇ ಇತ್ತು. ನೋಡಿ ಅಳುತ್ತಿದ್ದೆ. ಆಮೇಲೆ ಸಂತಾಪ ಸಭೆಯಲ್ಲಿ ಅವರು ಎದ್ದುನಿಂತು, "ಒಳ್ಳೇ ಸಹಾಯಕ. ಮೊಟ್ಟೆಗಳನ್ನ ಚೆನ್ನಾಗಿ ನೋಡ್ಕೊತಿದ್ದ" ಅಂದರು. ಅಳು ಅಲ್ಲಿಗೆ ನಿಂತಿತು. ಮಾರನೆಯ ದಿನ ನಿಮ್ಮ ಮೇಜಿನಿಂದ ಸ್ಕೇಲು, ಕಪ್ಪು ಇಂಕು ತೆಗೆದೆ. ಪ್ರತಿಯೊಂದು ಪ್ರತಿಯ ಮೇಲೂ ಆ ಎರಡು ಹೆಸರನ್ನು ಹೊಡೆದುಹಾಕಿದೆ. ನಿಮ್ಮದೊಂದನ್ನು ಉಳಿಸಿ ಅಂಚೆಗೆ ಹಾಕುತ್ತಾ ಬಂದೆ. ವಿಳಾಸ ಬರೆಯಲು ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷು ಸಾಕಾಯಿತು.

ಇವತ್ತು ಅವರು ಜಪಾನಿನ ವಿಜ್ಞಾನ ಪತ್ರಿಕೆಯೊಂದನ್ನು ತಂದು ನನ್ನ ಮುಂದೆ ಹಾಕಿದರು. ನಿಮ್ಮ ಕೆಲಸದ ಬಗ್ಗೆ ಅದರಲ್ಲಿ ಒಂದಿಡೀ ಪುಟ ಬರೆದಿದ್ದಾರೆ. ಇರುವುದು ನಿಮ್ಮ ಹೆಸರೊಂದೇ.

"ಯಾರಮ್ಮ ಇದನ್ನ ಮಾಡಿದ್ದು?"

"ನಾನೇ ಸಾರ್."

"ಮುಂದಿನ ವಾರ ಡೈರೆಕ್ಟರ್ ಪೋಸ್ಟಿಗೆ ಇಂಟರ್‌ವ್ಯೂ ಇದೆ. ನನ್ನ ಕೆಲಸಾನ ಯಾರ್ಯಾರು ಎತ್ತಿ ಹೇಳಿದ್ದಾರೆ ಅಂತಾನೇ ಕೇಳೋದು. ತಪ್ಪಾಯ್ತು ಅಂತ ಜಪಾನಿನವರಿಗೆ ಒಂದು ಕಾಗದ ಬರೆದುಬಿಡಿ, ಆಯ್ತಾ?"

"ಬರೀತೀನಿ ಸಾರ್. ಎದುರುಮನೆ ಆಂಟಿ ಹತ್ರ ಮೊಟ್ಟೆ ಇರುತ್ತೆ, ಒಂದು ತರ್ತೀನಿ. ನಾನು ಬರೆಯೋ ತನಕ ನೀವು ಅದನ್ನ ಕೈಯಲ್ಲಿ ಹಿಡ್ಕೊಂಡಿರಿ, ಅಷ್ಟೇ."

ಅವರ ಕೈ ತಾನಾಗಿ ಜೇಬಿನ ಕರ್ಚೀಫಿಗೆ ಹೋಯಿತು. ಎದ್ದರು. ಚಪ್ಪಲಿ ಮೆಟ್ಟುವ ಅವಸರದಲ್ಲಿ ಪತ್ರಿಕೆಯನ್ನು ಇಲ್ಲೇ ಬಿಟ್ಟುಹೋದರು.

ನಿಮಗೆ ಇದು ಹಿಡಿಸುತ್ತಿರಲಿಲ್ಲ, ಗೊತ್ತು. ಕ್ಷಮಿಸುವ ಗುಣ ನಿಮ್ಮದು, ಅದನ್ನು ನಿಮ್ಮ ಜೊತೆಗೇ ಕೊಂಡೊಯ್ದಿರಿ. ನನಗೆ ಉಳಿದದ್ದು ಸ್ಕೇಲು.

ಪತ್ರಿಕೆಯನ್ನು ಈಗಷ್ಟೇ ಕವರಿಗೆ ಹಾಕಿ ಅಂಟಿಸಿದೆ. ಮೇಲೆ ಇಂಟರ್‌ವ್ಯೂ ಕಮಿಟಿಯ ವಿಳಾಸ ಬರೆದೆ. ಒಳಗೆ ಒಂದೇ ಸಾಲಿನ ಚೀಟಿ: 'ಈ ಕೆಲಸ ತಮ್ಮದು ಅನ್ನುವ ಪ್ರೊಫೆಸರ ಕೈಗೆ ಒಂದು ಮೊಟ್ಟೆ ಕೊಟ್ಟು ನೋಡಿ.'

ನಾಳೆ ಪೋಸ್ಟ್ ಆಫೀಸು ಹತ್ತು ಗಂಟೆಗೆ ತೆರೆಯುತ್ತದೆ.