ಹೊಡೆಯದೇ ಉಳಿದ ಗಂಟೆ

ಪ್ರೀತಿಯ ಕೊಕ್ಕರೆ,

ಹೀಗೆ ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ತಿಳಿಯದು. ಶಾಲೆಯಲ್ಲಿ ನಿನಗೆ ಈ ಹೆಸರಿಟ್ಟವಳು ನಾನು, ಸೇಡಿಗೆ ನನ್ನನ್ನು ಗಿಡ್ಡಿ ಮಾಡಿದವಳು ನೀನು. ಮೂವತ್ತೆಂಟು ವರ್ಷ ಮಾತಿಲ್ಲದೆ ಕಳೆದ ಮೇಲೆ ಬೇರೆ ಏನೆಂದು ಬರೆದರೂ ಕಚೇರಿಯಿಂದ ಬಂದ ನೋಟಿಸಿನಂತೆ ಕಾಣುತ್ತದೆ. ಹರಿದು ಬಿಸಾಡುವುದಿದ್ದರೂ ಪೂರ್ತಿ ಓದಿ ಬಿಸಾಡು.

ನಿನ್ನ ವಿಳಾಸ ಕೊಟ್ಟದ್ದು ಸ್ಕೋರರ್ ಅಕ್ಕ. ಆ ಫೈನಲ್ ದಿನ ಅಂಕಣದ ಅಂಚಿನ ಮೇಜಿನ ಬಳಿ ನನ್ನ ಪಕ್ಕ ಕುಳಿತು ಅಂಕ ಬರೆಯುತ್ತಿದ್ದರಲ್ಲ, ಅವರೇ. ನೀನೀಗ ಬಂದರಿನ ಊರಿನಲ್ಲಿ ಬೆನ್ನುನೋವಿನವರಿಗೆ ವ್ಯಾಯಾಮ ಹೇಳಿಕೊಡುತ್ತೀಯಂತೆ. ರೋಗಿಗಳು ಕಾಯುವ ಕೋಣೆಯ ಟಿವಿಯಲ್ಲಿ ಬಾಸ್ಕೆಟ್‌ಬಾಲ್ ಬಂದರೆ ಒಳಗಿನಿಂದ ಎದ್ದು ಬಂದು ಚಾನೆಲ್ ಬದಲಾಯಿಸುತ್ತೀಯಂತೆ.

ಈ ಆಟವನ್ನು ನಿನ್ನಷ್ಟು ಹಚ್ಚಿಕೊಂಡವರನ್ನು ನಾನು ಬೇರೆ ನೋಡಿಲ್ಲ. ನಾವಿಬ್ಬರೂ ಶಾಲೆಯ ಸಿಮೆಂಟು ಅಂಗಳದಲ್ಲಿ, ಬಲೆಯೇ ಇಲ್ಲದ ಬರೀ ಕಬ್ಬಿಣದ ಬಳೆಗೆ ಚೆಂಡು ಎಸೆಯುತ್ತಿದ್ದಾಗ ನೀನು ಚರಿತ್ರೆಯ ಪಾಠ ಶುರು ಮಾಡುತ್ತಿದ್ದೆ. 1936ರಲ್ಲಿ ಒಲಿಂಪಿಕ್ಸ್‌ನ ಮೊದಲ ಬಾಸ್ಕೆಟ್‌ಬಾಲ್ ಫೈನಲ್ ನಡೆದದ್ದು ಬಯಲಿನಲ್ಲಿ, ಮಳೆಯಲ್ಲಿ, ಕೆಸರಿನಲ್ಲಿ. ಚೆಂಡು ಪುಟಿಯಲೇ ಇಲ್ಲ. ಗೆದ್ದವರು ಹತ್ತೊಂಬತ್ತು, ಸೋತವರು ಬರೀ ಎಂಟು. ಇದನ್ನು ಹೇಳುವಾಗ ನೀನೇ ಕೆಸರಿನಲ್ಲಿ ಕಾಲೂರಿದವಳಂತೆ ಜಾರಿ ತೋರಿಸುತ್ತಿದ್ದೆ. ಈ ಆಟದಲ್ಲಿ ಹೆಂಗಸರಿಗೆ ಒಲಿಂಪಿಕ್ಸ್ ಬಾಗಿಲು ತೆರೆದದ್ದು 1976ರಲ್ಲಿ. ಪತ್ರಿಕೆಯ ಆ ತುಂಡನ್ನು ನನ್ನ ಮೂಗಿನ ಕೆಳಗೆ ಹಿಡಿದು, "ನಲವತ್ತು ವರ್ಷ ಹೊರಗೇ ನಿಲ್ಲಿಸಿದ್ರಲ್ಲೇ ನಮ್ಮನ್ನ! ನಾನಂತೂ ಕಾಯೋಳಲ್ಲ, ಹೇಳಿದೀನಿ," ಎಂದಿದ್ದೆ, ಒಲಿಂಪಿಕ್ಸ್ ನಡೆಸುವವಳು ನಾನೇ ಎಂಬಂತೆ. ನನ್ನ ಎತ್ತರಕ್ಕೆ ಆಟಗಾರ್ತಿಯಾಗುವುದು ಆಗದ ಮಾತು. ನಿನ್ನ ಹತ್ತಿರ ಇರಬೇಕೆಂಬ ಒಂದೇ ಆಸೆಗೆ ನಾನು ಟೈಂಕೀಪರ್ ಪರೀಕ್ಷೆ ಬರೆದೆ. ಇದನ್ನು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮಹಿಳಾ ತಂಡ ಹೊರದೇಶಗಳವರೊಂದಿಗೆ ಆಡಿದ ಪಂದ್ಯಗಳ ಚರಿತ್ರೆಯನ್ನು ಸಂಘದವರು ಪುಸ್ತಕ ಮಾಡುತ್ತಿದ್ದಾರೆ. ವಿಶ್ವ ಚಾಂಪಿಯನ್‌ಶಿಪ್‌ನ ಅರ್ಹತಾ ಫೈನಲ್, ನೀನು ಕ್ಯಾಪ್ಟನ್ ಆಗಿದ್ದ ಆ ಪಂದ್ಯದ ಬಗ್ಗೆ ಬರೆಯಲು ನನಗೆ ಹೇಳಿದ್ದಾರೆ. "ಕಣ್ಣಾರೆ ಕಂಡೋರು ನೀವೇ ಅಲ್ವಾ ಮೇಡಂ?" ಎಂದರು ಕಾರ್ಯದರ್ಶಿ. ಇಷ್ಟು ವರ್ಷ ಎಲ್ಲ ಕಡೆ ಅಚ್ಚಾಗಿರುವುದು ಒಂದೇ ಸಾಲು: ಕೊನೆಯ ಎಸೆತ ಸಮಯ ಮೀರಿದ್ದರಿಂದ ಒಂದು ಅಂಕದ ಸೋಲು. ಆ ಸಾಲನ್ನೇ ಮತ್ತೆ ಬರೆಯಲು ಪೆನ್ನು ಹಿಡಿದೆ. ಕೈ ಓಡಲಿಲ್ಲ.

ಅಂದು ಬೆಳಿಗ್ಗೆ ಏನಾಗಿತ್ತೆಂದು ನಿನಗೆ ಗೊತ್ತಿಲ್ಲ. ಎದುರಾಳಿ ತಂಡದ ಮ್ಯಾನೇಜರ್ ದೂರು ಕೊಟ್ಟಿದ್ದರು, ಟೈಂಕೀಪರ್ ನಿಮ್ಮ ಕ್ಯಾಪ್ಟನ್ನಿನ ಜೀವದ ಗೆಳತಿ, ಅವಳನ್ನು ಮೇಜಿನಿಂದ ಎಬ್ಬಿಸಿ ಎಂದು. ನನ್ನ ಮುಖ್ಯಸ್ಥರು ನನ್ನ ಪರ ನಿಂತರು. "ಇವಳ ಮೇಲೆ ಯಾರೂ ಬೆರಳು ತೋರಿಸೋ ಹಾಗಿಲ್ಲ," ಎಂದರು. ನನಗೆ ಹೆಮ್ಮೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ದಿನವಿಡೀ ನಿನ್ನ ಕಡೆ ನೋಡಿ ನಗಲೂ ಇಲ್ಲ. ನೀನು ಜಂಭ ಎಂದುಕೊಂಡಿರಬೇಕು.

ದ್ವಿತೀಯಾರ್ಧದಲ್ಲಿ ಎಲೆಕ್ಟ್ರಿಕ್ ಬೋರ್ಡು ಕೈಕೊಟ್ಟಿತು. ಎಡಗೈಯಲ್ಲಿ ಸ್ಟಾಪ್‌ವಾಚು, ಬಲಗೈಯಲ್ಲಿ ಗಂಟೆಯ ಸುತ್ತಿಗೆ ಹಿಡಿದು ಕುಳಿತೆ. ಟೈಂಕೀಪರಿಗೆ ಕಲಿಸುವ ಮೊದಲ ಪಾಠ ಒಂದೇ: ಕೊನೆಯ ಗಳಿಗೆಯಲ್ಲಿ ಆಕಾಶವೇ ಕಳಚಿ ಬಿದ್ದರೂ ಕಣ್ಣು ಮುಳ್ಳಿನ ಮೇಲಿರಬೇಕು. ಐದು ಸೆಕೆಂಡು ಉಳಿದಿತ್ತು, ನಾವು ಒಂದು ಅಂಕ ಹಿಂದಿದ್ದೆವು. ಚೆಂಡು ನಿನ್ನ ಕೈಗೆ ಬಂತು. ಆಗ ನಾನು ತಲೆ ಎತ್ತಿದೆ.

ಹೌದು ಕಣೇ. ನಾನು ಗಡಿಯಾರ ನೋಡುತ್ತಿರಲಿಲ್ಲ, ನಿನ್ನನ್ನು ನೋಡುತ್ತಿದ್ದೆ. ಗಂಟೆ ಹೊಡೆಯುವುದನ್ನೇ ಮರೆತೆ. ಚೆಂಡು ಬಲೆಯೊಳಗೆ ಇಳಿಯಿತು, ಇಡೀ ಸಭಾಂಗಣ ಎದ್ದು ನಿಂತಿತು. ನಾನು ಗಾಬರಿಯಲ್ಲಿ ಗುಂಡಿ ಒತ್ತಿ ಕೆಳಗೆ ನೋಡಿದರೆ ಮುಳ್ಳು ಕೊನೆಯ ಗೆರೆಯನ್ನು ಎರಡು ಸೆಕೆಂಡು ದಾಟಿತ್ತು. ಚೆಂಡು ಗಾಳಿಯಲ್ಲಿದ್ದದ್ದು ಎಷ್ಟು ಹೊತ್ತು, ನಾನು ಬಾಯಿಬಿಟ್ಟು ಕುಳಿತದ್ದು ಎಷ್ಟು ಹೊತ್ತು? ಎಷ್ಟು ಕೂಡಿ ಕಳೆದರೂ ನಿನ್ನ ಎಸೆತ ಗೆರೆಯ ಮೇಲೇ ನಿಲ್ಲುತ್ತದೆ, ಆಚೆಗೂ ಬೀಳುವುದಿಲ್ಲ, ಈಚೆಗೂ ಬೀಳುವುದಿಲ್ಲ.

ರೆಫ್ರಿ ಓಡಿ ಬಂದರು. "ಗಂಟೆ ಕೇಳಿಸ್ಲಿಲ್ಲ. ಚೆಂಡು ಕೈ ಬಿಡೋ ಮೊದಲು ಹೊಡೆದ್ರಾ, ಆಮೇಲೆ ಹೊಡೆದ್ರಾ?" ಗೊತ್ತಿಲ್ಲ ಎಂದರೆ ಮುಖ್ಯಸ್ಥರ ಮಾನ ಹೋಗುತ್ತದೆ. ಆಮೇಲೆ ಎಂದರೆ ಎಸೆತ ಲೆಕ್ಕಕ್ಕೆ ಬಂದು ನಾವು ಗೆಲ್ಲುತ್ತೇವೆ, ಗೆಳತಿಗಾಗಿ ಸುಳ್ಳು ಹೇಳಿದಳು ಎನ್ನುತ್ತಾರೆ. "ಮೊದಲೇ ಹೊಡೆದೆ ಸರ್. ಗಲಾಟೆಯಲ್ಲಿ ಕೇಳಿಸ್ಲಿಲ್ಲ," ಎಂದೆ. ನನ್ನನ್ನು ಯಾರೂ ಸಂಶಯಿಸಬಾರದೆಂದು ನಿನ್ನ ಎಸೆತವನ್ನು ಬಲಿ ಕೊಟ್ಟೆ. ಜನ ನನ್ನನ್ನು ಪ್ರಾಮಾಣಿಕಳೆಂದು ಹೊಗಳಿದರು. ಅದೇ ಹೊಗಳಿಕೆಯ ಮೇಲೆ ಮೂವತ್ತು ವರ್ಷ ಆ ಮೇಜಿನಲ್ಲಿ ಕುಳಿತೆ, ನಾಚಿಕೆಗೆಟ್ಟವಳು.

1972ರ ಒಲಿಂಪಿಕ್ಸ್ ಫೈನಲ್ಲಿನ ಕೊನೆಯ ಮೂರು ಸೆಕೆಂಡನ್ನು ಮೂರು ಸಲ ಆಡಿಸಿದ ಕಥೆ ನೀನೇ ಹೇಳಿದ್ದು. ಸೋತವರು ಬೆಳ್ಳಿ ಪದಕ ಮುಟ್ಟಲೇ ಇಲ್ಲ, ಇವತ್ತಿಗೂ ಮುಟ್ಟಿಲ್ಲ. ನೀನು ಹಾಗೆ ಮಾಡಲಿಲ್ಲ. ಮುಖ ತೊಳೆದು ಬಂದು, ಎರಡನೆಯ ಸ್ಥಾನದ ಪದಕಕ್ಕೆ ಕೊರಳು ಬಾಗಿಸಿದೆ. ಆಮೇಲೆ ಮೇಜಿನ ಬಳಿ ಬಂದು ಎಲ್ಲರ ಕೈ ಕುಲುಕಿ, ಕೊನೆಗೆ ನನ್ನದನ್ನೂ ಕುಲುಕಿ, "ಗಂಟೆ ಆಗಿತ್ತು ಅಂತ ನೀನು ಹೇಳಿದ್ಮೇಲೆ ಆಗಿತ್ತು ಬಿಡು," ಎಂದೆ. ಬೈದಿದ್ದರೆ ಆ ಕ್ಷಣವೇ ಎಲ್ಲ ಬಾಯಿಬಿಡುತ್ತಿದ್ದೆನೇನೋ. ನೀನು ನಂಬಿಬಿಟ್ಟೆ. ಮರುತಿಂಗಳು ಊರು ಬಿಟ್ಟೆ. ಒಂದು ಚೆಂಡನ್ನು ಅರೆಗಳಿಗೆ ತಡಮಾಡಿ ಎಸೆದೆನೆಂದು ನಿನ್ನನ್ನೇ ನೀನು ದೂರಿಕೊಂಡು ಬದುಕುತ್ತಿದ್ದೀಯ ಎಂದು ಸ್ಕೋರರ್ ಅಕ್ಕ ಹೇಳುವವರೆಗೆ, ನೀನು ಸಿಟ್ಟಾಗಿರುವುದು ನನ್ನ ಮೇಲೆ ಎಂದೇ ತಿಳಿದಿದ್ದೆ.

ಈಗ ಸಮಯ ಮುಗಿದರೆ ಬೋರ್ಡಿನ ಸುತ್ತ ಕೆಂಪು ದೀಪ ಹತ್ತುತ್ತದೆ, ಕ್ಯಾಮೆರಾ ಎಲ್ಲವನ್ನೂ ಹೇಳುತ್ತದೆ, ಯಾರೂ ಯಾರ ಮಾತನ್ನೂ ನಂಬಬೇಕಿಲ್ಲ. ಹೊಸಬರಿಗೆ ಅದನ್ನೆಲ್ಲ ಕಲಿಸುವವಳು ನಾನೇ. ಕಲಿಸಿ ಮನೆಗೆ ಬಂದು ನಿನ್ನನ್ನು ನೆನೆಯುತ್ತೇನೆ. ಎಷ್ಟು ನೆನೆಯುತ್ತೇನೆ ಎಂದರೆ, ಬೀದಿಯಲ್ಲಿ ಎತ್ತರದ ಹೆಂಗಸು ಯಾರಾದರೂ ಹೋದರೆ ನನ್ನ ಕಾಲು ತಾನಾಗಿ ಬೇಗ ನಡೆಯುತ್ತದೆ.

ಪುಸ್ತಕದಲ್ಲಿ ನಿಜವನ್ನು ಬರೆದಿದ್ದೇನೆ: ಗಂಟೆ ಹೊಡೆಯಲಿಲ್ಲ, ಟೈಂಕೀಪರ್ ಸುಳ್ಳು ಹೇಳಿದಳು. ಅದು ಅಚ್ಚಿಗೆ ಹೋಗುವ ಮೊದಲು ನೀನು ನನ್ನಿಂದಲೇ ಕೇಳಬೇಕೆಂದು ಈ ಪತ್ರ. ಹೇಳಿದ ಸುಳ್ಳಿಗೆ ಕ್ಷಮೆ ಕೇಳುತ್ತೇನೆ, ಕೊಡದಿದ್ದರೂ ಸರಿಯೇ. ಆದರೆ ತಲೆ ಎತ್ತಿ ನಿನ್ನನ್ನು ನೋಡಿದ್ದಕ್ಕೆ ಮಾತ್ರ ಕೇಳಲಾರೆ. ನಿನ್ನ ಹಿಮ್ಮಡಿ ನೆಲ ಬಿಟ್ಟದ್ದು, ಮಣಿಕಟ್ಟು ಬಾಗಿದ್ದು, ಚೆಂಡು ಬೆರಳ ತುದಿಯಿಂದ ಜಾರಿದ್ದು, ಎಲ್ಲವನ್ನೂ ಕಣ್ಣು ಮಿಟುಕಿಸದೆ ಕಂಡೆ. ಸಮಯ ಎಷ್ಟಾಗಿತ್ತೋ ನನಗೆ ಗೊತ್ತಿಲ್ಲ. ಎಸೆತದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

ನೀನಿರುವ ಮನೆ ತಂಪಾಗಿರಲಿ, ನಿನ್ನ ಕೈಗುಣ ಹೆಚ್ಚಲಿ.

ಇಂದಿಗೂ ನಿನ್ನವಳೇ ಆದ,
ಗಿಡ್ಡಿ